ಒಂದೇ ನಾಲಿಗೆಯ ಮೇಲೆ ಉಳಿದ ಭಾಷೆ

ಯಾರದಾದರೂ ಕಷ್ಟದ ಕಥೆ ಕೇಳಿದಾಗ ನಾಲಿಗೆಯ ತುದಿಯನ್ನು ಮುಂದಿನ ಹಲ್ಲಿಗೆ ಒತ್ತಿ ಲೊಚಗುಟ್ಟುವುದು ನಮ್ಮಲ್ಲಿ ರೂಢಿ. ಗೋಡೆಯ ಮೇಲಿನ ಹಲ್ಲಿ ಅದೇ ಸದ್ದು ಮಾಡಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುವ ಹಿರಿಯರು ಇಂದಿಗೂ ಇದ್ದಾರೆ. ಎತ್ತನ್ನು ಮುಂದಕ್ಕೆ ಹೊಡೆಯುವ ಗಾಡಿಯವನು ನಾಲಿಗೆಯ ಪಕ್ಕದಿಂದ ಇನ್ನೊಂದು ಬಗೆಯ ಸದ್ದು ಹೊರಡಿಸುತ್ತಾನೆ. ಮಗುವನ್ನು ಮುದ್ದಿಸುವಾಗ ತುಟಿಗಳಿಂದ ಹೊರಡುವುದು ಮತ್ತೊಂದು. ಇವೆಲ್ಲ ನಮಗೆ ಬರೀ ಸದ್ದುಗಳು, ಅಕ್ಷರಗಳಲ್ಲ. ಯಾವ ಕನ್ನಡ ಪದದ ಒಳಗೂ ಅವಕ್ಕೆ ಜಾಗವಿಲ್ಲ.

ಆದರೆ ದಕ್ಷಿಣ ಆಫ್ರಿಕಾದ ಕಲಹರಿ ಮರುಭೂಮಿಯ ಅಂಚಿನಲ್ಲಿ ಇದೇ ಸದ್ದುಗಳನ್ನು ವ್ಯಂಜನಗಳಾಗಿಸಿಕೊಂಡು ನೂರಾರು ತಲೆಮಾರುಗಳ ಜನ ಬೇಟೆಯಾಡಿದರು, ಜಗಳವಾಡಿದರು, ಮಕ್ಕಳಿಗೆ ಕಥೆ ಹೇಳಿದರು. ಅವರ ಭಾಷೆಗಳಲ್ಲಿ ಒಂದರ ಹೆಸರು ‘ನೂ’. ಈ ಹೆಸರನ್ನು ಹೀಗೆ ಬರೆಯುವುದೂ ಒಂದು ರಾಜಿಯೇ. ‘ನ’ಕಾರಕ್ಕೂ ‘ಊ’ಕಾರಕ್ಕೂ ನಡುವೆ ಲೊಚಗುಟ್ಟುವ ಧ್ವನಿಯೊಂದಿದೆ. ಅದನ್ನು ಹಿಡಿದಿಡುವ ಅಕ್ಷರ ಕನ್ನಡ ಲಿಪಿಯಲ್ಲಿಲ್ಲ.

2021ರಲ್ಲಿ ಸೈಮನ್ ಸಾಲ್ಸ್ ಎಂಬ ವೃದ್ಧರು ತೀರಿಕೊಂಡ ಬಳಿಕ ಈ ಭಾಷೆಯನ್ನು ಸರಾಗವಾಗಿ ಮಾತನಾಡಬಲ್ಲವರೆಂದು ಗೊತ್ತಿರುವುದು ಒಬ್ಬರೇ: ನಾರ್ದರ್ನ್ ಕೇಪ್ ಪ್ರಾಂತ್ಯದ ಅಪಿಂಗ್ಟನ್ ಪಟ್ಟಣದ ಕತ್ರೀನಾ ಇಸಾವ್. 1933ರಲ್ಲಿ ಹುಟ್ಟಿದ ಈ ಅಜ್ಜಿ ತಮ್ಮ ಮನೆಯಲ್ಲೇ ನೆರೆಹೊರೆಯ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದವರು. ಓದು ಬರಹ ಕಲಿಯದ ಶಿಕ್ಷಕಿ, ಪಠ್ಯಪುಸ್ತಕವಿಲ್ಲದ ಭಾಷೆ, ಮನೆಗೆ ಹೋದರೆ ಆ ಭಾಷೆಯಲ್ಲಿ ಮಾತನಾಡಲು ಯಾರೂ ಇಲ್ಲದ ವಿದ್ಯಾರ್ಥಿಗಳು. ಇಂಥ ಶಾಲೆ ಏನನ್ನು ಉಳಿಸಬಲ್ಲದು?

ವರ್ಣಮಾಲೆಯ ವಿಸ್ತಾರ

ಕನ್ನಡದ ವರ್ಣಮಾಲೆಯಲ್ಲಿ ಐವತ್ತರ ಆಸುಪಾಸಿನಲ್ಲಿ ಅಕ್ಷರಗಳಿವೆ. ನೂ ಭಾಷೆಯಲ್ಲಿ ಭಾಷಾವಿಜ್ಞಾನಿಗಳು ಗುರುತಿಸಿರುವ ಬೇರೆ ಬೇರೆ ಧ್ವನಿಗಳು 114. ಅವುಗಳಲ್ಲಿ 45 ‘ಕ್ಲಿಕ್’ ಎಂದು ಕರೆಯುವ ಲೊಚಗುಟ್ಟುವ ವ್ಯಂಜನಗಳು, 30 ಇತರ ವ್ಯಂಜನಗಳು, 39 ಸ್ವರಗಳು. ಜಗತ್ತಿನಲ್ಲಿ ಇಷ್ಟು ದೊಡ್ಡ ಧ್ವನಿಭಂಡಾರವಿರುವ ಭಾಷೆಗಳು ತೀರಾ ವಿರಳ.

ಈ ಸಂಖ್ಯೆ ದಿಗಿಲು ಹುಟ್ಟಿಸಬಹುದು. ಆದರೆ ಅದರ ಹಿಂದಿನ ತರ್ಕ ಕನ್ನಡಿಗರಿಗೆ ಅಪರಿಚಿತವೇನಲ್ಲ. ಕ್ಲಿಕ್ ಧ್ವನಿ ಹುಟ್ಟುವುದು ಹೀಗೆ: ನಾಲಿಗೆಯ ಹಿಂಭಾಗ ಮೃದುತಾಲುವಿಗೆ ಅಂಟಿಕೊಳ್ಳುತ್ತದೆ, ಮುಂಭಾಗ ಇನ್ನೊಂದೆಡೆ ಮುಚ್ಚಿಕೊಳ್ಳುತ್ತದೆ. ನಡುವೆ ಸಿಕ್ಕಿಬಿದ್ದ ಗಾಳಿಯ ಜಾಗ ಹಿಗ್ಗಿ ನಿರ್ವಾತದಂತಾಗುತ್ತದೆ. ಮುಂದಿನ ಬಾಗಿಲು ತೆರೆದೊಡನೆ ಗಾಳಿ ಒಳನುಗ್ಗಿ ‘ಟಕ್’ ಎನ್ನುತ್ತದೆ. ಆ ಬಾಗಿಲು ಹಲ್ಲಿನ ಬಳಿ, ವಸಡಿನ ಹಿಂದೆ, ತಾಲುವಿನಲ್ಲಿ, ನಾಲಿಗೆಯ ಪಕ್ಕದಲ್ಲಿ, ತುಟಿಗಳಲ್ಲಿ ಹೀಗೆ ಐದು ಕಡೆ ಇರಬಹುದು. ಕ-ವರ್ಗದಲ್ಲಿ ಒಂದೇ ಸ್ಥಾನದಿಂದ ಕ, ಖ, ಗ, ಘ, ಙ ಹೊರಡುವಂತೆ ಇಲ್ಲಿಯೂ ಒಂದೊಂದು ಸ್ಥಾನಕ್ಕೆ ಅಲ್ಪಪ್ರಾಣ, ಮಹಾಪ್ರಾಣ, ಘೋಷ, ಅನುನಾಸಿಕ, ಗಂಟಲನ್ನು ಬಿಗಿದು ಬಿಡುವ ಬಗೆ ಎಂದೆಲ್ಲ ಕವಲುಗಳಿವೆ. ಐದು ವರ್ಗಗಳು ಹೀಗೆ ಕವಲೊಡೆದು 45 ಆಗುತ್ತವೆ. ತುಟಿಗಳಿಂದ ಮುತ್ತಿನಂತೆ ಹೊರಡುವ ಕ್ಲಿಕ್ ಅಂತೂ ಜಗತ್ತಿನ ಬೆರಳೆಣಿಕೆಯ ಭಾಷೆಗಳಲ್ಲಿ ಮಾತ್ರ ಇದೆ.

ಕ್ಲಿಕ್ ಎಂದೊಡನೆ ಅನೇಕರಿಗೆ ನೆನಪಾಗುವುದು ನೆಲ್ಸನ್ ಮಂಡೇಲಾ ಅವರ ತಾಯ್ನುಡಿಯಾದ ಷೋಸಾ. ಆದರೆ ಷೋಸಾ, ಜುಲು ಭಾಷೆಗಳು ಬಾಂಟು ಕುಟುಂಬಕ್ಕೆ ಸೇರಿದವು. ದಕ್ಷಿಣಕ್ಕೆ ಬಂದ ಮೇಲೆ ಅಲ್ಲಿನ ಮೂಲನಿವಾಸಿಗಳ ಒಡನಾಟದಲ್ಲಿ ಅವು ಕ್ಲಿಕ್‌ಗಳನ್ನು ಎರವಲು ಪಡೆದವು. ಎರವಲು ಪಡೆದವರು ಇಂದು ಕೋಟಿಗಟ್ಟಲೆ ಇದ್ದಾರೆ. ಕೊಟ್ಟವರ ಭಾಷೆಗಳು ಒಂದೊಂದಾಗಿ ಮರೆಯಾಗಿವೆ.

ನೂ ಭಾಷೆ ಸೇರಿರುವುದು ‘ತೂ’ ಎಂಬ ಕುಟುಂಬಕ್ಕೆ. ಹಿಂದೆ ದಕ್ಷಿಣ ಆಫ್ರಿಕಾದ ಒಳನಾಡಿನ ವಿಶಾಲ ಪ್ರದೇಶದಲ್ಲಿ ಈ ಕುಟುಂಬದ ಹಲವು ನುಡಿಗಳಿದ್ದವು. ಈಗ ಬೋಟ್ಸ್ವಾನಾ ಮತ್ತು ನಮೀಬಿಯಾಗಳಲ್ಲಿ ಕೆಲವೇ ಸಾವಿರ ಜನ ಆಡುವ ‘ತಾ’ ಭಾಷೆಯೊಂದೇ ಅದರಲ್ಲಿ ಸಜೀವವಾಗಿ ಉಳಿದಿದೆ. ಅಂದರೆ ಅಪಿಂಗ್ಟನ್ನಿನ ಅಜ್ಜಿಯ ಮಾತು ಒಂದು ಭಾಷೆಯ ಕೊನೆಯ ಎಳೆ ಮಾತ್ರವಲ್ಲ, ಒಂದು ಇಡೀ ಕವಲಿನ ಕೊನೆಯ ಎಲೆ.

ಕೈದಿ ಗುರುಗಳು

ಈ ಕವಲಿನ ಇನ್ನೊಂದು ಭಾಷೆಯ ಕಥೆ ಕೇಳಿದರೆ ನೂ ಭಾಷೆಯ ಪಾಡು ಇನ್ನಷ್ಟು ಸ್ಪಷ್ಟವಾದೀತು. ಅದು ‘ಖಾಮ್’. 1652ರಲ್ಲಿ ಡಚ್ಚರು ಕೇಪ್‌ನಲ್ಲಿ ನೆಲೆಯೂರಿದ ಮೇಲೆ ಅವರ ದನಕುರಿಗಳ ಹಿಂಡುಗಳು ಒಳನಾಡಿನತ್ತ ಸರಿದವು. ನೀರಿನ ಹೊಂಡಗಳೂ ಬೇಟೆಯ ಬಯಲುಗಳೂ ಕೈತಪ್ಪಿದ ಸಾನ್ ಜನ (ಹೊರಗಿನವರು ‘ಬುಷ್‌ಮನ್’ ಎಂದು ಕರೆದವರು) ಜಾನುವಾರುಗಳನ್ನು ಕದ್ದರು. ಕಳ್ಳತನಕ್ಕೆ ಉತ್ತರವಾಗಿ ವಲಸಿಗರು ಕುದುರೆಯೇರಿ ಬಂದೂಕು ಹಿಡಿದು ಅವರ ಬೇಟೆಗೆ ಹೊರಟರು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇದು ವ್ಯವಸ್ಥಿತ ಕಗ್ಗೊಲೆಯಾಗಿತ್ತು. ಉಳಿದವರು ರೈತರ ಜಮೀನುಗಳಲ್ಲಿ ಆಳುಗಳಾದರು.

1870ರಲ್ಲಿ ಕೇಪ್‌ಟೌನ್‌ನ ಬಂದರು ಕಟ್ಟುವ ಕೆಲಸದಲ್ಲಿ ಕೆಲವು ಖಾಮ್ ಕೈದಿಗಳು ದುಡಿಯುತ್ತಿದ್ದರು. ಜರ್ಮನ್ ಭಾಷಾವಿಜ್ಞಾನಿ ವಿಲ್ಹೆಲ್ಮ್ ಬ್ಲೀಕ್ ಅವರಲ್ಲಿ ಕೆಲವರನ್ನು ಸರ್ಕಾರದ ಒಪ್ಪಿಗೆ ಪಡೆದು ತಮ್ಮ ಮನೆಗೇ ಕರೆತಂದರು. ಬ್ಲೀಕ್ ಮತ್ತು ಅವರ ನಾದಿನಿ ಲೂಸಿ ಲಾಯ್ಡ್ ಶಿಷ್ಯರು, ಕೈದಿಗಳೇ ಗುರುಗಳು. ಜಾನುವಾರು ಕಳ್ಳತನಕ್ಕೆ ಶಿಕ್ಷೆಯಾಗಿದ್ದ ಕಾಬೋ ಎಂಬ ಹಿರಿಯ ಶಿಕ್ಷೆಯ ಅವಧಿ ಮುಗಿದ ಮೇಲೂ ಕೆಲಕಾಲ ಅಲ್ಲೇ ಉಳಿದು ತನ್ನ ಜನರ ಕಥೆಗಳನ್ನು ಬರೆಯಿಸಿದ. 1875ರಲ್ಲಿ ಬ್ಲೀಕ್ ತೀರಿಕೊಂಡರೂ ಲಾಯ್ಡ್ ಕೆಲಸ ನಿಲ್ಲಿಸಲಿಲ್ಲ. ಹೀಗೆ ತುಂಬಿದ ಟಿಪ್ಪಣಿ ಪುಸ್ತಕಗಳು ಸುಮಾರು 12,000 ಪುಟಗಳು. 1997ರಲ್ಲಿ ಯುನೆಸ್ಕೊ ಇವನ್ನು ವಿಶ್ವದ ಸ್ಮೃತಿ ದಾಖಲೆಗಳ ಪಟ್ಟಿಗೆ ಸೇರಿಸಿತು.

ಇಷ್ಟು ದಾಖಲೆಯಾಗಿಯೂ ಖಾಮ್ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದನ್ನಾಡುವವರು ಇಲ್ಲವಾದರು. ಕಥೆಗಳು ಕೇಪ್‌ಟೌನ್‌ನ ಪುಸ್ತಕಗಳಲ್ಲಿದ್ದವು. ಕಥೆ ಹೇಳುವವರ ಮೊಮ್ಮಕ್ಕಳು ನೂರಾರು ಮೈಲಿ ದೂರದ ಜಮೀನುಗಳಲ್ಲಿ ಧಣಿಯ ಭಾಷೆ ಕಲಿಯುತ್ತಿದ್ದರು. 2000ದ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕಾ ಹೊಸ ರಾಷ್ಟ್ರಲಾಂಛನವನ್ನು ಅಂಗೀಕರಿಸಿದಾಗ ಅದರ ಕೆಳಗಿನ ಧ್ಯೇಯವಾಕ್ಯ ಬರೆಸಿದ್ದು ಖಾಮ್ ಭಾಷೆಯಲ್ಲಿ. ಭಿನ್ನ ಜನರು ಒಂದಾಗಲಿ ಎಂಬುದು ಅದರ ಆಶಯ. ದೇಶದ ನಾಣ್ಯದ ಮೇಲಿರುವ ಲಾಂಛನದ ಮಾತನ್ನು ತಾಯ್ನುಡಿಯಾಗಿ ಓದಬಲ್ಲವರು ಆ ದೇಶದಲ್ಲಿ ಒಬ್ಬರೂ ಇರಲಿಲ್ಲ. ದಾಖಲಿಸುವುದೇ ಬೇರೆ, ಉಳಿಸುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸತ್ತಿದ್ದ ಭಾಷೆ ಎದ್ದು ಕೂತಿತು

ನೂ ಆಡುತ್ತಿದ್ದ ಖೋಮಾನಿ ಸಾನ್ ಜನರ ನೆಲ ಖಾಮ್ ನಾಡಿಗಿಂತ ಉತ್ತರಕ್ಕೆ, ಕಲಹರಿಯ ತೆಂಕಣ ಅಂಚಿನಲ್ಲಿತ್ತು. ಮರಳುಗಾಡು ಅವರನ್ನು ಕೆಲಕಾಲ ಕಾಯಿತು. 1931ರಲ್ಲಿ ಅಲ್ಲಿ ಕಲಹರಿ ಗೆಮ್ಸ್‌ಬಾಕ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಮೃಗಗಳಿಗೆ ರಕ್ಷಣೆ ಸಿಕ್ಕಿತು, ಮನುಷ್ಯರು ಅತಿಕ್ರಮಿಗಳಾದರು. ಮುಂದಿನ ದಶಕಗಳಲ್ಲಿ ಅವರನ್ನು ಹಂತಹಂತವಾಗಿ ಹೊರಹಾಕಲಾಯಿತು. 1936ರಲ್ಲಿ ಜೊಹಾನ್ಸ್‌ಬರ್ಗ್‌ನ ಸಾಮ್ರಾಜ್ಯ ವಸ್ತುಪ್ರದರ್ಶನಕ್ಕೆ ಇವರ ಒಂದು ಗುಂಪನ್ನು ಕರೆದೊಯ್ದು ಜನರಿಗೆ ತೋರಿಸಿದ್ದೂ ಉಂಟು. ಆ ಹೊತ್ತಿನಲ್ಲೇ ವಿದ್ವಾಂಸರು ಅವರ ಮಾತನ್ನು ಅಧ್ಯಯನ ಮಾಡಿ ಧ್ವನಿಮುದ್ರಿಸಿಕೊಂಡರು.

ಅನಂತರ ಬಂದದ್ದು ವರ್ಣಭೇದ ನೀತಿ. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ದೇಶದ ಪ್ರತಿಯೊಬ್ಬನಿಗೂ ಒಂದು ಜನಾಂಗದ ಹಣೆಪಟ್ಟಿ ಕಟ್ಟಿತು. ಸಾನ್ ಜನರಿಗೆ ಬರೆದದ್ದು ‘ಕಲರ್ಡ್’, ಅಂದರೆ ಮಿಶ್ರವರ್ಣದವರು ಎಂದು. ಕಾಗದದ ಮೇಲೆ ಸಾನ್ ಎಂಬ ಜನವೇ ಇಲ್ಲವಾದಾಗ ಅವರ ಭಾಷೆಗೆ ಎಲ್ಲಿಯ ನೆಲೆ? ಆಫ್ರಿಕಾನ್ಸ್ ದುಡಿಮೆಯ ಭಾಷೆಯಾಯಿತು, ಬಳಿಕ ಅಡುಗೆಮನೆಯ ಭಾಷೆಯಾಯಿತು. 1970ರ ದಶಕದ ಹೊತ್ತಿಗೆ ನೂ ಅಳಿದುಹೋಯಿತೆಂದು ವಿದ್ವಾಂಸರು ತೀರ್ಮಾನಿಸಿದ್ದರು.

ಆ ತೀರ್ಮಾನ ತಪ್ಪಾಗಿತ್ತು. ವರ್ಣಭೇದ ಆಡಳಿತ ಕೊನೆಗೊಂಡ ಮೇಲೆ ಖೋಮಾನಿ ಜನ ಕಳೆದುಕೊಂಡ ನೆಲಕ್ಕಾಗಿ ಹಕ್ಕು ಮಂಡಿಸಿದರು. ಆ ಸಂದರ್ಭದಲ್ಲಿ, 1990ರ ದಶಕದ ಕೊನೆಗೆ, ರೀಟ್‌ಫಾಂಟೀನ್ ಎಂಬ ಊರಿನ ಎಲ್ಸಿ ವಾಲ್‌ಬೋಯ್ ಎಂಬ ಹಣ್ಣುಹಣ್ಣು ಮುದುಕಿಗೆ ಆ ಭಾಷೆ ಗೊತ್ತೆಂಬ ಸುದ್ದಿ ಹೊರಬಿತ್ತು. 1930ರ ದಶಕದ ಹಳೆಯ ಧ್ವನಿಮುದ್ರಣವನ್ನು ಕೇಳಿಸಿದಾಗ ಆಕೆಗೆ ಅದು ಅರ್ಥವಾಯಿತು. ಭಾಷಾವಿಜ್ಞಾನಿ ನೈಜೆಲ್ ಕ್ರಾಹಾಲ್ ಮತ್ತು ಅವರೊಂದಿಗಿದ್ದವರು ಊರೂರು ಅಲೆದು ವಿಚಾರಿಸತೊಡಗಿದಾಗ ಇಪ್ಪತ್ತಕ್ಕೂ ಹೆಚ್ಚು ಮಂದಿ ವೃದ್ಧರು ಬೆಳಕಿಗೆ ಬಂದರು. ಹಲವರು ದಶಕಗಳಿಂದ ಆ ಭಾಷೆಯಲ್ಲಿ ಬಾಯಿ ತೆರೆದಿರಲಿಲ್ಲ. ತಮ್ಮ ಹೊರತು ಇನ್ನಾರಿಗೂ ಅದು ಬಾರದೆಂದು ನಂಬಿದ್ದವರೂ ಇದ್ದರು.

ಈ ಹಿರಿಯರ ನೆನಪಿನಲ್ಲಿದ್ದ ನೀರಿನ ಹೊಂಡಗಳ ಹೆಸರು, ಗಿಡಮೂಲಿಕೆಗಳ ಹೆಸರು, ವಂಶಾವಳಿ ಎಲ್ಲವನ್ನೂ ನಕ್ಷೆಗಿಳಿಸಲಾಯಿತು. 1999ರ ಮಾರ್ಚ್ 21ರಂದು ಆಗಿನ ಉಪಾಧ್ಯಕ್ಷ ಥಾಬೋ ಎಂಬೆಕಿ ಭೂಮಿ ಮರಳಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಉದ್ಯಾನದ ಹೊರಗೆ ಸುಮಾರು 40,000 ಹೆಕ್ಟೇರ್ ಜಮೀನು ಸಮುದಾಯಕ್ಕೆ ದಕ್ಕಿತು. ನಾರ್ದರ್ನ್ ಕೇಪ್ ಪ್ರಾಂತ್ಯ ತನ್ನ ಲಾಂಛನಕ್ಕೆ ನೂ ಭಾಷೆಯ ಧ್ಯೇಯವಾಕ್ಯವನ್ನೇ ಆರಿಸಿಕೊಂಡಿತು. ಒಳ್ಳೆಯ ಬಾಳಿನೆಡೆಗೆ ಹೋಗೋಣ ಎಂಬರ್ಥದ ಆ ಮಾತನ್ನು ಕೊಟ್ಟವರು ಎಲ್ಸಿ ವಾಲ್‌ಬೋಯ್ ಅವರೇ.

ನೆಲ ಮರಳಿತು. ಆದರೆ ಭಾಷೆಯನ್ನು ಯಾವ ಒಪ್ಪಂದವೂ ಮರಳಿಸಲಾರದು. ಹಿರಿಯರು ಒಬ್ಬೊಬ್ಬರಾಗಿ ಕಣ್ಮುಚ್ಚತೊಡಗಿದರು.

ಅಜ್ಜಿಯ ಮನೆಯ ಪಾಠ

ಕತ್ರೀನಾ ಇಸಾವ್ ಹುಟ್ಟಿ ಬೆಳೆದದ್ದು ಬಿಳಿಯ ರೈತರ ಜಮೀನಿನಲ್ಲಿ ದುಡಿಯುತ್ತಿದ್ದ ಕುಟುಂಬದಲ್ಲಿ. ತಾಯಿಯಿಂದ ಕಲಿತ ನುಡಿ ಕೊಳಕು ಭಾಷೆಯೆಂಬ ಬೈಗುಳ ಕೇಳಿಯೇ ದೊಡ್ಡವರಾದರು. ಧಣಿಗಳ ಕಿವಿಗೆ ಬೀಳದಂತೆ ಮಾತನಾಡಬೇಕಿತ್ತು. ಹರೆಯಕ್ಕೆ ಬರುವ ಹೊತ್ತಿಗೆ ಹುಡುಗಿಯರಿಗೇ ನಾಚಿಕೆಯಾಗಿ ಮಾತು ನಿಂತಿತೆಂದು ಅವರು ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ತಮ್ಮ ಮಕ್ಕಳಿಗೂ ಅವರು ಅದನ್ನು ದಾಟಿಸಲಿಲ್ಲ. ಭಾಷೆಯೊಂದು ಸಾಯುವುದು ಬಹುಮಟ್ಟಿಗೆ ಹೀಗೆಯೇ. ಕೊನೆಯ ಮುದುಕಿ ಸತ್ತ ದಿನ ಅದು ಸಾಯುವುದಿಲ್ಲ. ತಾಯಿಯೊಬ್ಬಳು ಮಗುವಿನ ಒಳಿತನ್ನು ಎಣಿಸಿ ‘ಇದು ಬೇಡ’ ಎಂದುಕೊಂಡ ದಿನವೇ ಅದರ ಕಾಲ ಮುಗಿದಿರುತ್ತದೆ. ನಡುವಿನ ಐವತ್ತು ಅರವತ್ತು ವರ್ಷ ಬರೀ ಕಾಯುವಿಕೆ.

ಭಾಷೆಯ ಮರುಪತ್ತೆಯಾದ ಬಳಿಕ ಇಸಾವ್ ಆ ತೀರ್ಮಾನವನ್ನು ತಿರುಗಿಸಲು ಹೊರಟರು. ಆಗ ಅವರು ಎಪ್ಪತ್ತರ ಹೊಸ್ತಿಲಲ್ಲಿದ್ದರು. ಅಪಿಂಗ್ಟನ್ನಿನ ಬಡಾವಣೆಯಲ್ಲಿರುವ ತಮ್ಮ ಮನೆಯಲ್ಲಿ ಮಕ್ಕಳನ್ನು ಸೇರಿಸಿ ನಮಸ್ಕಾರ ಹೇಳುವುದರಿಂದ ಪಾಠ ಆರಂಭಿಸಿದರು. ಮೈಯ ಅಂಗಾಂಗಗಳ ಹೆಸರು, ಪ್ರಾಣಿಗಳ ಹೆಸರು, ಬಾ, ಕೂರು, ಕುಡಿ ಎಂಬ ದಿನಬಳಕೆಯ ಮಾತು, ಕುಣಿಯುತ್ತ ಹಾಡುವ ಹಾಡು, ಇವೇ ಪಠ್ಯ. ಲೊಚಗುಟ್ಟುವ ಧ್ವನಿಗಳು ಹತ್ತು ವರ್ಷದ ನಾಲಿಗೆಗೆ ಆಟದಂತೆ ಒಲಿಯುತ್ತವೆ, ದೊಡ್ಡವರಿಗೆ ಪ್ರಯಾಸ.

ಅಜ್ಜಿಗೆ ಅಕ್ಷರ ಬಾರದ ಕೊರತೆಯನ್ನು ತುಂಬಿದ್ದು ಮೊಮ್ಮಗಳು. ಅಜ್ಜಿಯಿಂದ ಭಾಷೆ ಕಲಿತು, ಪಾಠ ಹೇಳುವುದರಲ್ಲಿ ಜೊತೆಯಾಗಿ, ಕಲಿತದ್ದನ್ನು ಬರಹಕ್ಕೆ ಇಳಿಸಿದವರು ಆಕೆ. ಕೇಪ್‌ಟೌನ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳಾದ ಶೀನಾ ಶಾ ಮತ್ತು ಮಥಿಯಾಸ್ ಬ್ರೆಂಜಿಂಗರ್ ಸಮುದಾಯದವರೊಡನೆ ಕೂತು ಬರವಣಿಗೆಯ ಪದ್ಧತಿಯೊಂದನ್ನು ರೂಪಿಸಿದರು. ರೋಮನ್ ಅಕ್ಷರಗಳ ಜೊತೆಗೆ ಒಂದೊಂದು ಕ್ಲಿಕ್‌ಗೂ ಒಂದೊಂದು ಚಿಹ್ನೆ: ಒಂದಕ್ಕೆ ನೆಟ್ಟಗಿನ ಗೀಟು, ಇನ್ನೊಂದಕ್ಕೆ ಜೋಡಿ ಗೀಟು, ಮತ್ತೊಂದಕ್ಕೆ ಆಶ್ಚರ್ಯಸೂಚಕ ಚಿಹ್ನೆ, ತುಟಿಯ ಕ್ಲಿಕ್‌ಗೆ ನಡುವೆ ಚುಕ್ಕಿಯಿಟ್ಟ ವೃತ್ತ. ನೋಡಲು ಗಣಿತದ ಸೂತ್ರದಂತಿದ್ದರೂ ಶಾಲೆಯಲ್ಲಿ ಆಫ್ರಿಕಾನ್ಸ್ ಓದಲು ಕಲಿತ ಮಗುವಿಗೆ ಹೊಸದಾಗಿ ಕಲಿಯಬೇಕಾದದ್ದು ಕೆಲವೇ ಚಿಹ್ನೆಗಳು. 2016ರಲ್ಲಿ ಇದೇ ಲಿಪಿಯಲ್ಲಿ ಕಲಿಕೆಯ ಪುಸ್ತಕ ಸಿದ್ಧವಾಯಿತು. 2021ರಲ್ಲಿ ಅಜ್ಜಿ ಹೇಳಿದ ಆಮೆ ಮತ್ತು ಉಷ್ಟ್ರಪಕ್ಷಿಯ ಕಥೆ ಮಕ್ಕಳ ಪುಸ್ತಕವಾಗಿ ಹೊರಬಂತು.

ಮನ್ನಣೆಗಳೂ ಬಂದವು. 2014ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ‘ಆರ್ಡರ್ ಆಫ್ ದಿ ಬಾವೋಬಾಬ್’ ಗೌರವವನ್ನಿತ್ತಿತು. 2023ರಲ್ಲಿ, 90 ತುಂಬಿದ ವರ್ಷ, ಕೇಪ್‌ಟೌನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆಕೆಯನ್ನು ಎಲ್ಲರೂ ‘ಔಮಾ ಕತ್ರೀನಾ’ ಎನ್ನುತ್ತಾರೆ. ಔಮಾ ಎಂದರೆ ಅಜ್ಜಿ. ಆ ಪದ ಆಫ್ರಿಕಾನ್ಸ್‌ನದು.

ಇದೇ ಹೊತ್ತಿಗೆ ಹಿನ್ನಡೆಗಳೂ ಕಡಿಮೆಯಿರಲಿಲ್ಲ. ಕೋವಿಡ್ ಕಾಲದಲ್ಲಿ ಪಾಠ ನಿಂತಿತು, ಪಾಠದ ಕೋಣೆ ದುಷ್ಕರ್ಮಿಗಳ ಪಾಲಾಯಿತು. ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಈ ಮಕ್ಕಳು ನೂರಾರು ಪದ, ಹತ್ತಾರು ಹಾಡು ಕಲಿಯಬಲ್ಲರು. ಆದರೆ ಸಂಭಾಷಣೆಗೆ ಇಬ್ಬರು ಬೇಕು. ಅಜ್ಜಿ ತಮಾಷೆ ಮಾಡಿದರೆ ತಿರುಗುತ್ತರ ಕೊಡುವವರು, ತಪ್ಪು ನೆನಪನ್ನು ತಿದ್ದುವವರು, ಜಗಳ ತೆಗೆಯುವವರು ಇಲ್ಲ. ಹುಡುಗರು ಬೆಳೆದಂತೆ ಶಾಲೆ, ಕೆಲಸ, ಗೆಳೆಯರು ಎಲ್ಲವೂ ಆಫ್ರಿಕಾನ್ಸ್ ಮತ್ತು ಇಂಗ್ಲಿಷ್‌ನಲ್ಲಿ. ನೂ ಕಲಿತರೆ ನೌಕರಿ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ.

ಕಾನೂನಿನ ಕಾಗದ, ಮನೆಯ ಮಾತು

1996ರ ದಕ್ಷಿಣ ಆಫ್ರಿಕಾ ಸಂವಿಧಾನ ಹನ್ನೊಂದು ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. 2023ರಲ್ಲಿ ಸಂಕೇತ ಭಾಷೆ ಹನ್ನೆರಡನೆಯದಾಗಿ ಸೇರಿತು. ಸಾನ್ ಭಾಷೆಗಳು ಆ ಪಟ್ಟಿಯಲ್ಲಿಲ್ಲ. ಅವನ್ನು ಬೆಳೆಸಲು ಅನುಕೂಲ ಕಲ್ಪಿಸಬೇಕೆಂದು ಸಂವಿಧಾನ ಭಾಷಾ ಮಂಡಳಿಯೊಂದಕ್ಕೆ ಹೊಣೆ ಹೊರಿಸಿದೆ. ಹೊಣೆ ಹೊರಿಸುವುದು ಸುಲಭ. ಪಠ್ಯ, ಶಿಕ್ಷಕರು, ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಗಂಟೆ, ಇವು ಇಲ್ಲದೆ ಯಾವ ಭಾಷೆಯೂ ಮಕ್ಕಳ ಬಾಯಿಗೆ ಇಳಿಯುವುದಿಲ್ಲ. ವಿಶ್ವಸಂಸ್ಥೆ 2022ರಿಂದ 2032ರವರೆಗಿನ ಅವಧಿಯನ್ನು ಮೂಲನಿವಾಸಿ ಭಾಷೆಗಳ ದಶಕವೆಂದು ಸಾರಿದೆ. ತೊಂಬತ್ತು ದಾಟಿದ ಒಬ್ಬರೇ ವ್ಯಕ್ತಿಯ ಮೇಲೆ ನಿಂತ ಭಾಷೆಗೆ ದಶಕವೆಂಬುದು ದೊಡ್ಡ ಅವಧಿ.

ಈ ಮಾತು ಕರ್ನಾಟಕಕ್ಕೆ ತೀರಾ ದೂರದ್ದೇನಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನಂಚಿನಲ್ಲಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅನೇಕರು ಪೋರ್ಚುಗೀಸರ ಗುಲಾಮರಾಗಿ ಗೋವಾಕ್ಕೆ ಬಂದು ಘಟ್ಟದ ಕಾಡು ಸೇರಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಡಮಾಮಿಯ ಬಡಿತ, ಕುಣಿತ ಅವರಲ್ಲಿ ಉಳಿದಿವೆ. ಆದರೆ ಮನೆಯಲ್ಲಿ ಆಡುವುದು ಕೊಂಕಣಿ, ಕನ್ನಡ, ಮರಾಠಿ, ಉರ್ದು. ಹಡಗು ಹತ್ತಿದ ಅಜ್ಜಂದಿರು ಯಾವ ನುಡಿಯಲ್ಲಿ ಅತ್ತರೋ, ಆ ನುಡಿಯನ್ನು ಕೇಳಿ ಬರೆದುಕೊಳ್ಳಲು ಅಲ್ಲಿ ಯಾವ ಬ್ಲೀಕನೂ ಇರಲಿಲ್ಲ. 2009ರ ಯುನೆಸ್ಕೊ ಭಾಷಾ ನಕಾಶೆ ಅಪಾಯದಲ್ಲಿರುವ ನುಡಿಗಳ ಸಾಲಿನಲ್ಲಿ ಕೊರಗ, ಕೊಡವ, ತುಳು ಇತ್ಯಾದಿಗಳನ್ನು ಹೆಸರಿಸಿತ್ತು. ಇವುಗಳಲ್ಲಿ ತುಳುವನ್ನು ಲಕ್ಷಾಂತರ ಜನ ಆಡುತ್ತಾರೆ, ಕೊರಗ ನುಡಿಯನ್ನಾಡುವವರು ಅತಿ ಕಡಿಮೆ. ಆದರೂ ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಮನೆಯಲ್ಲಿ ಮಗುವಿನೊಡನೆ ತಾಯಿ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದಾಳೆ?

ಏನು ಉಳಿದೀತು?

ನೂ ಮತ್ತೆ ಒಂದು ಊರಿನ ಮಾತಾಗುತ್ತದೆಂದು ಭಾಷೆಯ ಕೆಲಸ ಮಾಡುವವರು ಸುಳ್ಳು ಭರವಸೆ ಕೊಡುವುದಿಲ್ಲ. ನಿಘಂಟಿದೆ, ಧ್ವನಿಮುದ್ರಣಗಳಿವೆ, ಕಥೆಪುಸ್ತಕವಿದೆ, ಪಾಠ ಹೇಳಬಲ್ಲ ಮೊಮ್ಮಗಳಿದ್ದಾರೆ. ಖಾಮ್ ಭಾಷೆಗೂ ಪುಸ್ತಕಗಳಿದ್ದವು. ಅದಕ್ಕಿಲ್ಲದ್ದು ಕಲಿಯುವ ಮಕ್ಕಳು. ನೂ ಭಾಷೆಗೆ ಅಷ್ಟರಮಟ್ಟಿಗಿನ ಅದೃಷ್ಟವಾದರೂ ಇದೆ.

ಆ ಪಾಠದ ಕೋಣೆಯಲ್ಲಿ ಕೂತೆದ್ದ ಮಕ್ಕಳು ನಾಳೆ ಪೂರ್ಣ ಸಂಭಾಷಣೆ ಮಾಡಲಾರರು. ಆದರೆ ಅವರ ಅಜ್ಜಿಯರು ಯಾವ ಸದ್ದಿಗಾಗಿ ಬೈಸಿಕೊಂಡರೋ, ಯಾವ ಸದ್ದನ್ನು ನಾಚಿಕೆಯಿಂದ ನುಂಗಿಕೊಂಡರೋ, ಅದೇ ಸದ್ದಿಗೆ ಈ ಮಕ್ಕಳು ಚಪ್ಪಾಳೆ ಗಿಟ್ಟಿಸಿದ್ದಾರೆ. ತಮ್ಮ ಜನಕ್ಕೆ ಒಂದು ಭಾಷೆಯಿತ್ತು, ಅದು ಕೊಳಕಾಗಿರಲಿಲ್ಲ ಎಂಬುದನ್ನು ಪುಸ್ತಕದಿಂದಲ್ಲ, ತಮ್ಮ ನಾಲಿಗೆಯಿಂದಲೇ ತಿಳಿದಿದ್ದಾರೆ. ಭಾಷೆ ಪೂರ್ತಿಯಾಗಿ ದಕ್ಕದಿದ್ದರೂ ಮರ್ಯಾದೆ ದಕ್ಕಿತು. ತೊಂಬತ್ತರ ಅಜ್ಜಿ ದಣಿದ ಗಂಟಲಿನಿಂದ ಮತ್ತೊಮ್ಮೆ ಹೇಳಿಕೊಟ್ಟದ್ದು ಅದಕ್ಕಾಗಿಯೇ ಇರಬೇಕು.